ಬ್ಯಾಕ್ಟೀರಿಯಾದ ‘ಸೋಪು’ ಕ್ಯಾನ್ಸರ್‌ಗೆ ಔಷಧಿಯಾಗುತ್ತಾ? ಸಂಶೋಧಕಿಯನ್ನು ಕೇಳಿ

ಅಡ್ಮಿನ್: ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಮೈಸೂರಿನ ಒಬ್ಬ ಮೈಕ್ರೋಬಯಾಲಜಿ ಸಂಶೋಧಕಿ. ಸೂಕ್ಷ್ಮಜೀವಿಗಳು ತಯಾರಿಸುವ ಬಯೋಸರ್ಫ್ಯಾಕ್ಟಂಟ್‌ಗಳು ಕ್ಯಾನ್ಸರ್ ಕೋಶಗಳ ಮೇಲೆ ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಅವರ ಪಿಎಚ್‌ಡಿ ವಿಷಯ. ಪ್ರಶ್ನೆ ಯಾವುದಾದರೂ ಸರಿ, ಸಂಕೋಚ ಬೇಡ.

ಪ್ರಶ್ನೆ (ನಿವೃತ್ತ ಮೇಷ್ಟ್ರು, ಮಂಡ್ಯ): ಬಯೋಸರ್ಫ್ಯಾಕ್ಟಂಟ್ ಅಂದರೆ ಏನಮ್ಮ? ನಮ್ಮಂಥವರಿಗೂ ಅರ್ಥವಾಗುವ ಹಾಗೆ ಹೇಳಿ.

ಉತ್ತರ: ನಮಸ್ಕಾರ ಸರ್. ಅಂಟವಾಳಕಾಯಿ ನೆನೆಸಿ ಕಿವುಚಿದರೆ ನೊರೆ ಬರುತ್ತೆ, ಬಟ್ಟೆಯ ಜಿಡ್ಡು ಬಿಡುತ್ತೆ ಅಲ್ವಾ? ಅಂಥದ್ದೇ ಕೆಲಸ ಮಾಡುವ ವಸ್ತುಗಳನ್ನು ಕೆಲವು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳೂ ತಯಾರಿಸುತ್ತವೆ. ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಹಾಗಾಗಿ ಎರಡರ ನಡುವೆ ಹೋಗಿ ಕೂರುತ್ತದೆ.

ನಾನು ಜಾಸ್ತಿ ಕೆಲಸ ಮಾಡಿರುವುದು ಸರ್ಫ್ಯಾಕ್ಟಿನ್ ಮೇಲೆ. ಅದನ್ನು ತಯಾರಿಸುವುದು ಬ್ಯಾಸಿಲಸ್ ಸಬ್ಟಿಲಿಸ್, ಹೊಲದ ಮಣ್ಣಲ್ಲಿ ಎಲ್ಲಿ ಬೇಕಾದರೂ ಸಿಗುವ ಬ್ಯಾಕ್ಟೀರಿಯಾ. ಏಳು ಅಮೈನೋ ಆಮ್ಲಗಳ ಒಂದು ಉಂಗುರ, ಅದಕ್ಕೊಂದು ಕೊಬ್ಬಿನ ಬಾಲ, ಅಷ್ಟೇ ಅದರ ರಚನೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇರುತ್ತದೆ. ಇದು ಚೂರೇ ಚೂರು ಬೆರೆತರೂ 27ರ ಹತ್ತಿರ ಇಳಿಯುತ್ತದೆ. ಜಪಾನಿನ ವಿಜ್ಞಾನಿಗಳು 1968ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಂತ ಆಗಲೇ ಬರೆದಿದ್ದರು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ತಯಾರಿಸುವ ರ‍್ಯಾಮ್ನೋಲಿಪಿಡ್, ಯೀಸ್ಟ್ ತಯಾರಿಸುವ ಸೊಫೊರೋಲಿಪಿಡ್ ಕೂಡ ಇದೇ ಗುಂಪಿನವು.

ಅದೇ ಮೇಷ್ಟ್ರು: ಹಾಗಾದರೆ ಅಂಟವಾಳ ಕುದಿಸಿ ಕುಡಿದರೆ?

ಉತ್ತರ: ಬೇಡ ಸರ್. ತಲೆಗೆ ಹಾಕಿಕೊಳ್ಳಿ 🙂

ಪ್ರಶ್ನೆ (ಮದ್ದೂರು): ಮೇಡಂ, ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್. ಕೀಮೋ ನಡೀತಿದೆ. ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿಯಲ್ಲಿ ಕ್ಯಾನ್ಸರ್ ಪೂರ್ತಿ ವಾಸಿಯಾಗುತ್ತೆ, ಸೈಡ್ ಎಫೆಕ್ಟೇ ಇಲ್ಲ ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಬಂತು. ಮೈಸೂರಲ್ಲಿ ಎಲ್ಲಾದರೂ ಸಿಗುತ್ತಾ?

ಉತ್ತರ: ಇಲ್ಲ. ಬಯೋಸರ್ಫ್ಯಾಕ್ಟಂಟ್‌ನಿಂದ ಮಾಡಿದ ಕ್ಯಾನ್ಸರ್ ಔಷಧಿ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ತಗೋಬೇಡಿ. ನಾವು ಮಾಡುತ್ತಿರುವುದೆಲ್ಲ ಪ್ಲೇಟಿನಲ್ಲಿ ಬೆಳೆಸಿದ ಕೋಶಗಳ ಮೇಲೆ. ಅಲ್ಲಿಂದ ರೋಗಿಯ ಮಂಚದವರೆಗೆ ದಾರಿ ತುಂಬಾ ಉದ್ದ ಇದೆ. ಎಷ್ಟೋ ವಸ್ತುಗಳು ನಡುದಾರಿಯಲ್ಲೇ ಬಿದ್ದುಹೋಗುತ್ತವೆ.

ಅಮ್ಮನಿಗೆ ಕೆಂಪು ಬಣ್ಣದ ಇಂಜೆಕ್ಷನ್ ಕೊಡುತ್ತಿದ್ದಾರಾ?

ಅದೇ ಸದಸ್ಯರು: ಹೌದು ಮೇಡಂ. ಕೊಟ್ಟ ದಿನ ಮೂತ್ರವೂ ಕೆಂಪಗೆ ಬಂತು. ರಕ್ತ ಅಂದುಕೊಂಡು ಗಾಬರಿಯಾಗಿಬಿಟ್ಟಿದ್ದೆವು.

ಉತ್ತರ: ಅದು ಡಾಕ್ಸೊರುಬಿಸಿನ್ ಇರಬೇಕು. ಔಷಧಿಯ ಬಣ್ಣವೇ ಹಾಗೆ. ಒಂದೆರಡು ದಿನ ಕಳೆದ ಮೇಲೂ ಕೆಂಪಗೇ ಇದ್ದರೆ ಮಾತ್ರ ಡಾಕ್ಟರಿಗೆ ಹೇಳಿ. ಈ ಡಾಕ್ಸೊರುಬಿಸಿನ್ ಬಂದದ್ದು ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ. ಬ್ಲಿಯೊಮೈಸಿನ್, ಮೈಟೊಮೈಸಿನ್ ಕೂಡ ಹಾಗೆಯೇ. ಅಂದರೆ ಬ್ಯಾಕ್ಟೀರಿಯಾದಿಂದ ಬಂದ, ಪರೀಕ್ಷೆಯಲ್ಲಿ ಗೆದ್ದ ಔಷಧಿ ಅಮ್ಮನಿಗೆ ಈಗಾಗಲೇ ಸಿಗುತ್ತಿದೆ. ಸೈಡ್ ಎಫೆಕ್ಟ್ ಇದೆ ನಿಜ. ಆದರೆ ಏನೇನು ಆಗಬಹುದು ಅಂತ ಡಾಕ್ಟರಿಗೆ ಮೊದಲೇ ಗೊತ್ತಿರುತ್ತದೆ, ಹೃದಯದ ಎಕೋ ಮಾಡಿಸುವುದೂ ಅದಕ್ಕೇ. ಕೀಮೋ ತಪ್ಪಿಸಬೇಡಿ. ಬೇರೆ ಕಷಾಯ, ಪುಡಿ ಏನಾದರೂ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿಬಿಡಿ. ಅಮ್ಮ ಬೇಗ ಹುಷಾರಾಗಲಿ.

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಮಾನಸಗಂಗೋತ್ರಿ): ಅಕ್ಕ, ಪ್ರಾಜೆಕ್ಟಿಗೆ ಇದೇ ವಿಷಯ ತಗೋಬೇಕು ಅಂತಿದ್ದೇನೆ. ಓದಿದ ಪೇಪರುಗಳಲ್ಲೆಲ್ಲ ‘ಕ್ಯಾನ್ಸರ್ ಕೋಶಗಳು ಸತ್ತವು’ ಅಂತಲೇ ಇದೆ. ಹಾಗಿದ್ದರೂ ಔಷಧಿ ಯಾಕೆ ಬಂದಿಲ್ಲ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದಿರಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ಲೇಟಿನಲ್ಲಿ ಕೋಶ ಕೊಲ್ಲುವುದು ದೊಡ್ಡ ವಿಷಯವೇ ಅಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟರೂ ಕ್ಯಾನ್ಸರ್ ಕೋಶ ಸಾಯುತ್ತದೆ. ಪಕ್ಕದಲ್ಲಿರುವ ಒಳ್ಳೆ ಕೋಶ ಬದುಕಿ ಉಳಿಯಿತಾ ಅನ್ನುವುದೇ ನಮ್ಮ ಕೆಲಸದ ಅರ್ಧಕ್ಕಿಂತ ಜಾಸ್ತಿ.

ಸರ್ಫ್ಯಾಕ್ಟಂಟ್ ತಯಾರಿಸುವ ಬ್ಯಾಕ್ಟೀರಿಯಾವನ್ನು ಹುಡುಕುವುದು ಹೇಗೆ ಅಂತ ನಿಮಗೆ ಗೊತ್ತಿರುತ್ತದೆ. ಕುರಿಯ ರಕ್ತ ಬೆರೆಸಿದ ಅಗಾರ್ ಪ್ಲೇಟಿನ ಮೇಲೆ ಬೆಳೆಸುತ್ತೇವೆ. ಮಾರನೇ ದಿನ ಇನ್‌ಕ್ಯುಬೇಟರ್‌ನಿಂದ ತೆಗೆದು ನೋಡಿದರೆ, ಕೆಲವು ಕಾಲೋನಿಗಳ ಸುತ್ತ ಕೆಂಪು ಮಾಯವಾಗಿ ತಿಳಿಯಾದ ಉಂಗುರ ಕಾಣುತ್ತದೆ. ಪ್ಲೇಟಿನ ಕೆಳಗೆ ಪೇಪರ್ ಹಿಡಿದರೆ ಆ ಉಂಗುರದೊಳಗಿನಿಂದ ಅಕ್ಷರ ಓದಬಹುದು. ಲ್ಯಾಬಿನಲ್ಲಿ ಎಲ್ಲರಿಗೂ ಖುಷಿ, ‘ಪಾಸಿಟಿವ್ ಬಂತು’ ಅಂತ. ಆದರೆ ಅಲ್ಲಿ ಆಗಿದ್ದೇನು? ಕೆಂಪು ರಕ್ತಕಣಗಳು ಒಡೆದುಹೋಗಿವೆ. ಅದೇ ವಸ್ತುವನ್ನು ನಾಳೆ ರೋಗಿಯ ರಕ್ತನಾಳಕ್ಕೆ ಕೊಡಬೇಕು ಅಂತ ನಾವು ಹೊರಟಿರುವುದು! ಸರ್ಫ್ಯಾಕ್ಟಿನ್‌ಗೆ ಇರುವ ದೊಡ್ಡ ತೊಡಕು ಇದೇ. ಹಾಗಾಗಿ ಎಷ್ಟು ಡೋಸಿನಲ್ಲಿ ಕ್ಯಾನ್ಸರ್ ಕೋಶ ಸಾಯುತ್ತದೆ, ಎಷ್ಟು ಡೋಸಿನಲ್ಲಿ ರಕ್ತಕಣ ಒಡೆಯುತ್ತದೆ, ಇವೆರಡರ ನಡುವೆ ಅಂತರ ಎಷ್ಟಿದೆ ಅಂತ ಮೊದಲು ನೋಡಿ. ಅಂತರ ಇಲ್ಲದಿದ್ದರೆ ಮುಂದಿನ ಪ್ರಯೋಗಕ್ಕೆ ದುಡ್ಡು ಹಾಕಬೇಡಿ.

ಎಂಟಿಟಿ ಪರೀಕ್ಷೆ ಎಲ್ಲರೂ ಮಾಡುತ್ತಾರೆ. ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಹರಳುಗಳಾಗಿ ಬದಲಾಯಿಸುತ್ತದೆ. ಅದನ್ನು ಕರಗಿಸಿ, 570 ನ್ಯಾನೋಮೀಟರ್ ಹತ್ತಿರ ರೀಡಿಂಗ್ ತೆಗೆದರೆ ಎಷ್ಟು ಕೋಶ ಉಳಿದಿವೆ ಅಂತ ಗೊತ್ತಾಗುತ್ತದೆ. ಹೇಗೆ ಸತ್ತವು ಅಂತ ಮಾತ್ರ ಅದು ಹೇಳುವುದಿಲ್ಲ. ಪೊರೆ ಹರಿದು ಸತ್ತವಾ, ಅಥವಾ ಅಪಾಪ್ಟೋಸಿಸ್ ಆಗಿ ಒಳಗಿನಿಂದ ತಾವಾಗಿಯೇ ಸತ್ತವಾ? ಕೋಶದೊಳಗಿನ ಎಲ್‌ಡಿಎಚ್ ಅನ್ನುವ ಕಿಣ್ವ ಎಷ್ಟು ಹೊರಗೆ ಸೋರಿದೆ ಅಂತ ಅಳೆದರೆ ಮೊದಲನೆಯದು ಗೊತ್ತಾಗುತ್ತದೆ. ಎರಡನೆಯದಕ್ಕೆ ಅನೆಕ್ಸಿನ್, ಕ್ಯಾಸ್ಪೇಸ್ ಪರೀಕ್ಷೆ ಮಾಡಬೇಕು. ಡೋಸ್ ಕಡಿಮೆ ಇದ್ದಾಗ ಅಪಾಪ್ಟೋಸಿಸ್, ಜಾಸ್ತಿಯಾದಾಗ ಪೊರೆಯೇ ಚಿಂದಿ, ಹೀಗೂ ಆಗುತ್ತದೆ. ಒಂದೇ ಡೋಸಿನಲ್ಲಿ ನೋಡಿ ಬರೆದ ಪೇಪರನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಪ್ರಶ್ನೆ (ಕಾಲೇಜು ಉಪನ್ಯಾಸಕರು, ಮೈಸೂರು): ಮೇಡಂ, ಅಂತರ ಚೆನ್ನಾಗಿಯೇ ಇದೆ ಅಂದುಕೊಳ್ಳಿ. ಆಮೇಲೆ ಪ್ರಾಣಿಗಳಲ್ಲೂ ಕೆಲಸ ಮಾಡುತ್ತೆ ಅನ್ನಬಹುದಲ್ವಾ?

ಉತ್ತರ: ಅನ್ನಲಾಗದು ಸರ್. ಸೊಫೊರೋಲಿಪಿಡ್ ಕಥೆ ಕೇಳಿ. ಅದರ ಲ್ಯಾಕ್ಟೋನಿಕ್ (ಉಂಗುರದಂತೆ ಮುಚ್ಚಿಕೊಂಡ) ರೂಪ ಪ್ಲೇಟಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಕಡಿಮೆ ಡೋಸಿನಲ್ಲಿ ಸಾಮಾನ್ಯ ಕೋಶಗಳಿಗೆ ತೊಂದರೆಯೂ ಆಗಲಿಲ್ಲ. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಆಮೇಲೆ ಅದನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಎಪಿಸಿ ಅನ್ನುವ ಜೀನ್ ಕೆಟ್ಟು, ಕರುಳಿನಲ್ಲಿ ತಾನಾಗಿಯೇ ಗಡ್ಡೆ ಬೆಳೆಯುವ ತಳಿಯ ಇಲಿಗಳು ಅವು. ಗಡ್ಡೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇದು 2016ರಲ್ಲಿ ಪ್ರಕಟವಾಯಿತು. ಕೆಟ್ಟ ಫಲಿತಾಂಶ ಅಂತ ಮುಚ್ಚಿಡದೆ, ಶೀರ್ಷಿಕೆಯಲ್ಲೇ ಹಾಗಂತ ಹಾಕಿ ಪ್ರಕಟಿಸಿದರಲ್ಲ, ಅದು ನನಗೆ ತುಂಬಾ ಹಿಡಿಸಿತು. ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಓದಲು ಕೊಡುವುದೂ ಅದನ್ನೇ.

ಹಾಗಂತ ಪೂರ್ತಿ ನಿರಾಸೆ ಪಡಬೇಕಾಗಿಲ್ಲ. ಡ್ಯಾಪ್ಟೊಮೈಸಿನ್ ಅಂತ ಒಂದು ಆಂಟಿಬಯೋಟಿಕ್ ಇದೆ. ಅದೂ ಸರ್ಫ್ಯಾಕ್ಟಿನ್ ತರಹ ಉಂಗುರ ಮತ್ತು ಕೊಬ್ಬಿನ ಬಾಲ ಇರುವ ಲಿಪೊಪೆಪ್ಟೈಡ್. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ರಕ್ತನಾಳಕ್ಕೇ ಕೊಡುತ್ತಾರೆ. ಅದು ಕ್ಯಾನ್ಸರ್ ಔಷಧಿ ಅಲ್ಲ, ನಿಜ. ಆದರೆ ಇಂಥ ಅಣು ಔಷಧಿಯಾಗುವುದಕ್ಕೇ ಲಾಯಕ್ಕಿಲ್ಲ ಅನ್ನುವವರಿಗೆ ನಾನು ಅದನ್ನು ತೋರಿಸುತ್ತೇನೆ. ನನಗೆ ಅನ್ನಿಸುವ ಪ್ರಕಾರ ಬಯೋಸರ್ಫ್ಯಾಕ್ಟಂಟ್ ತಾನೇ ಔಷಧಿಯಾಗುವುದಕ್ಕಿಂತ, ಬೇರೆ ಔಷಧಿಯನ್ನು ಗಡ್ಡೆಯವರೆಗೆ ಹೊತ್ತೊಯ್ಯುವ ನ್ಯಾನೋಕಣಗಳಲ್ಲಿ ಮೊದಲು ಉಪಯೋಗಕ್ಕೆ ಬರಬಹುದು.

ಪ್ರಶ್ನೆ (ಕಬ್ಬು ಬೆಳೆಗಾರ, ಪಾಂಡವಪುರ): ಮೇಡಂ, ಈ ಬ್ಯಾಕ್ಟೀರಿಯಾಕ್ಕೆ ಊಟಕ್ಕೆ ಏನು ಹಾಕ್ತೀರಿ? ಸಕ್ಕರೆ ಕಾರ್ಖಾನೆಯ ಕಾಕಂಬಿ ನಡೆಯುತ್ತೆ ಅಂತ ನಮ್ಮ ಹುಡುಗ ಹೇಳ್ತಿದ್ದ.

ಉತ್ತರ: ನಿಮ್ಮ ಹುಡುಗ ಸರಿಯಾಗಿಯೇ ಹೇಳಿದ್ದಾನೆ ಅಣ್ಣ. ಕಾಕಂಬಿಯಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ ಇರುತ್ತದೆ. ಬ್ಯಾಸಿಲಸ್‌ಗೆ ಅದು ಹಬ್ಬದೂಟ. ಗಾಳಿ ಊದಲು ಶುರು ಮಾಡಿದರೆ ನೊರೆ ಉಕ್ಕಿ ಪೈಪಿನಲ್ಲಿ ಹೊರಗೇ ಬರುತ್ತದೆ. ಆ ನೊರೆಯಲ್ಲೇ ಸರ್ಫ್ಯಾಕ್ಟಿನ್ ಜಾಸ್ತಿ ಇರುವುದರಿಂದ, ಬೇರೆ ಪಾತ್ರೆಯಲ್ಲಿ ಹಿಡಿದಿಡುತ್ತೇವೆ. ಅದಕ್ಕೆ ಆಸಿಡ್ ಹಾಕಿ ಪಿಎಚ್ 2ಕ್ಕೆ ಇಳಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ತಳದಲ್ಲಿ ಗಷ್ಟು ಕೂತಿರುತ್ತದೆ.

ಆದರೆ ಕಾಕಂಬಿಯಲ್ಲಿ ಬೆಳೆಸಿದರೆ ಅದರ ಕಂದು ಬಣ್ಣ, ಲವಣ ಎಲ್ಲ ಜೊತೆಗೇ ಬರುತ್ತವೆ. ಔಷಧಿಯ ಮಟ್ಟಕ್ಕೆ ಅದನ್ನು ಶುದ್ಧ ಮಾಡಲು ಹೋದರೆ, ಕಾಕಂಬಿಯಲ್ಲಿ ಉಳಿಸಿದ ದುಡ್ಡು ಅಲ್ಲಿ ಖರ್ಚಾಗಿಬಿಡುತ್ತದೆ. ಅದಕ್ಕೇ ನಾವು ಕ್ಯಾನ್ಸರ್ ಕೆಲಸಕ್ಕೆ ಲ್ಯಾಬಿನ ಗ್ಲೂಕೋಸೇ ಬಳಸುತ್ತೇವೆ. ಎಣ್ಣೆ ಚೆಲ್ಲಿದ ಮಣ್ಣು ತೊಳೆಯುವುದಕ್ಕೆ, ಕ್ಲೀನಿಂಗ್ ಪುಡಿಗೆ, ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವುದಕ್ಕೆ ಆದರೆ ಕಾಕಂಬಿಯೇ ಸರಿ. ಮಂಡ್ಯದ ಕಡೆಯವರಿಗೆ ಹತ್ತಿರದ ಲಾಭ ಕಾಣುತ್ತಿರುವುದು ಅಲ್ಲೇ, ಆಸ್ಪತ್ರೆಯಲ್ಲಲ್ಲ.

ಪ್ರಶ್ನೆ (ಅದೇ ಎಂಎಸ್ಸಿ ವಿದ್ಯಾರ್ಥಿನಿ): ಅಕ್ಕ, ಇನ್ನೊಂದೇ ಪ್ರಶ್ನೆ. ನಮ್ಮಲ್ಲಿ ಶುದ್ಧ ಮಾಡುವ ಸೌಲಭ್ಯ ಕಡಿಮೆ. ಶುದ್ಧ ಮಾಡದ ಕ್ರೂಡ್ ಎಕ್ಸ್‌ಟ್ರಾಕ್ಟ್‌ನಲ್ಲೇ ಎಂಟಿಟಿ ಮಾಡಿ ಐಸಿ50 (ಅರ್ಧದಷ್ಟು ಕೋಶ ಸಾಯುವ ಡೋಸ್) ಬರೆದರೆ ನಡೆಯುತ್ತಾ? ಕೋಶಗಳನ್ನು ಎಲ್ಲಿಂದ ತರಿಸುವುದು?

ಉತ್ತರ: ಎಂಎಸ್ಸಿ ಪ್ರಾಜೆಕ್ಟಿಗೆ ನಡೆಯುತ್ತದೆ, ಕ್ರೂಡ್ ಅಂತ ಸ್ಪಷ್ಟವಾಗಿ ಬರೆಯಿರಿ. ಅದನ್ನು ‘ಸರ್ಫ್ಯಾಕ್ಟಿನ್‌ನ ಐಸಿ50’ ಅಂತ ಮಾತ್ರ ಬರೆಯಬೇಡಿ, ಅದರಲ್ಲಿ ಬ್ಯಾಸಿಲಸ್ ತಯಾರಿಸುವ ಇಟುರಿನ್, ಫೆಂಜಿಸಿನ್ ಕೂಡ ಇರಬಹುದು. ಪಿಎಚ್‌ಡಿಗೆ ಬಂದಾಗ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ ಇಲ್ಲದೆ ಆಗುವುದೇ ಇಲ್ಲ.

ಕೋಶಗಳು ಪುಣೆಯ ಎನ್‌ಸಿಸಿಎಸ್‌ (ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ) ನಿಂದ ಸಿಗುತ್ತವೆ. ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶದ ಜೊತೆಗೆ ಒಂದು ಸಾಮಾನ್ಯ ಕೋಶವನ್ನೂ ಅದೇ ಪತ್ರದಲ್ಲಿ ತರಿಸಿಬಿಡಿ, ಆಮೇಲೆ ತರಿಸೋಣ ಅಂತ ಬಿಟ್ಟರೆ ಪ್ರಾಜೆಕ್ಟ್ ಮುಗಿದುಹೋಗಿರುತ್ತದೆ. ಬೆಳೆಸುವ ಮೀಡಿಯಮ್‌ನಲ್ಲಿ ಸೀರಮ್ (ರಕ್ತದ ತಿಳಿ ದ್ರವ) ಶೇಕಡಾ ಎಷ್ಟಿತ್ತು ಅಂತ ತಪ್ಪದೆ ಬರೆಯಿರಿ. ಸರ್ಫ್ಯಾಕ್ಟಂಟ್ ಸೀರಮ್‌ನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ, ಸೀರಮ್ ಬದಲಾದರೆ ಐಸಿ50 ಕೂಡ ಬದಲಾಗುತ್ತದೆ. ಡಾಕ್ಸೊರುಬಿಸಿನ್ ಅನ್ನು ಅದೇ ಪ್ಲೇಟಿನಲ್ಲಿ ಹೋಲಿಕೆಗೆ ಕಂಟ್ರೋಲ್ ಆಗಿ ಇಡಿ. ಪ್ಲೇಟಿನ ಅಂಚಿನ ಗುಂಡಿಗಳು ಬೇಗ ಒಣಗುತ್ತವೆ, ಅಲ್ಲಿ ಸ್ಯಾಂಪಲ್ ಹಾಕದೆ ಸುಮ್ನೆ ಬಫರ್ ತುಂಬಿಸಿ. ಮೊದಲ ಪ್ಲೇಟಿನ ರೀಡಿಂಗ್ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.