ಟೆಂಪ್ ಫೈಲು ರ‍್ಯಾಮ್‌ನಲ್ಲಿಡಲೋ, ಬೇರೆ ಡಿಸ್ಕ್ ಹಾಕಲೋ? ಅನುಭವ ಇದ್ದವರು ಹೇಳಿ

ರಾತ್ರಿಪಾಳಿ:
ಒಂದೇ ಸರ್ವರ್, ನಾಲ್ಕು ಅಪ್ಲಿಕೇಶನ್, ಡಿಸ್ಕೂ ಒಂದೇ. ತಿಂಗಳ ಕೊನೆಗೆ ರಿಪೋರ್ಟ್ ಅಪ್ಲಿಕೇಶನ್ ಟೆಂಪ್‌ಗೆ (ತಾತ್ಕಾಲಿಕ ಫೈಲುಗಳ ಫೋಲ್ಡರ್) ಪಿಡಿಎಫ್ ಸುರಿಯೋಕೆ ಶುರು ಮಾಡಿದ್ರೆ ಉಳಿದ ಮೂರೂ ತೆವಳ್ತವೆ. ಸಿಪಿಯು ಸುಮ್ಮನೆ ಕೂತಿರತ್ತೆ, ಐಓ ವೇಟ್ (ಡಿಸ್ಕಿಗಾಗಿ ಕಾಯೋ ಸಮಯ) ಮಾತ್ರ 40%ರ ಮೇಲೆ. ರ‍್ಯಾಮ್ 32 ಜಿಬಿ. ಟಿಎಂಪಿಎಫ್‌ಎಸ್ (ರ‍್ಯಾಮ್‌ನಲ್ಲೇ ಇರೋ ಫೋಲ್ಡರ್) ಮಾಡ್ಲಾ, ಬೇರೆ ಎಸ್‌ಎಸ್‌ಡಿ ಕೇಳ್ಲಾ?

ಹಳೇ ಹಾರ್ಡ್‌ಡಿಸ್ಕ್:
ಟಿಎಂಪಿಎಫ್‌ಎಸ್ ಹೆಸರು ಕೇಳಿದ್ರೇ ಈಗಲೂ ಮೈ ಉರಿಯತ್ತೆ. ನಮ್ಮದು 16 ಜಿಬಿ ರ‍್ಯಾಮ್. ಸೈಜ್ ಕೊಡದೆ ಮೌಂಟ್ ಮಾಡಿದ್ದೆ (ಸಿಸ್ಟಮ್‌ಗೆ ಜೋಡಿಸಿದ್ದೆ), ಅಂದ್ರೆ ಮಿತಿ ತಾನಾಗೇ ರ‍್ಯಾಮ್‌ನ ಅರ್ಧ, 8 ಜಿಬಿ. ಒಂದು ಅಪ್ಲಿಕೇಶನ್ ತಾನು ಮಾಡಿದ ಸಿಎಸ್‌ವಿಗಳನ್ನ ಅಳಿಸ್ತಾನೇ ಇರ್ಲಿಲ್ಲ. ಶನಿವಾರ ರಾತ್ರಿ 1:50ಕ್ಕೆ ಸ್ವಾಪೂ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ) ತುಂಬಿ, ಮೆಮೊರಿ ಬಿಡಿಸೋಕೆ ಕರ್ನಲ್ಲು (ಓಎಸ್‌ನ ತಿರುಳು) ಜಾವಾ ಪ್ರೋಸೆಸ್ಸನ್ನ ಕೊಂದಿತು. ಪ್ರೋಸೆಸ್ ಸತ್ತರೂ ಫೈಲು ಸಾಯಲ್ಲವಲ್ಲ, ಆ 8 ಜಿಬಿ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ವಾಚ್‌ಡಾಗ್ (ಸತ್ತ ಪ್ರೋಸೆಸ್ಸನ್ನ ಮತ್ತೆ ಓಡಿಸೋ ಕಾವಲು ಪ್ರೋಗ್ರಾಮ್) ಎಬ್ಬಿಸ್ತು, ಕರ್ನಲ್ ಮತ್ತೆ ಕೊಂದಿತು. ಮೂರನೇ ಸಲಕ್ಕೆ ಡೇಟಾಬೇಸೇ ಬಲಿ. ಬೆಳಗ್ಗೆ 5:20ರವರೆಗೆ ರಿಕವರಿ. ನಿಧಾನದ ಡಿಸ್ಕೇ ವಾಸಿ.

ಇನೋಡ್ ಪೀಡಿತ:
ಸೈಜ್ ಕೊಡದೆ ಮೌಂಟ್ ಮಾಡಿ ಟಿಎಂಪಿಎಫ್‌ಎಸ್ ಮೇಲೆ ಗೂಬೆ ಕೂರಿಸ್ತೀರಲ್ಲ ಸ್ವಾಮಿ. ನಾನು 2 ಜಿಬಿ ಮಿತಿ ಹಾಕಿ ಎರಡು ವರ್ಷ ಆಯ್ತು, ತಂಟೆ ಇಲ್ಲ. ಮುಂಚೆ ಸೆಷನ್ ಫೈಲೆಲ್ಲ (ಯಾರು ಲಾಗಿನ್ ಆಗಿದ್ದಾರೆ ಅನ್ನೋ ಲೆಕ್ಕ) ಡಿಸ್ಕಿನಲ್ಲೇ ಇತ್ತು. ಒಂದು ದಿನ ಯಾರೂ ಲಾಗಿನ್ ಆಗ್ತಿಲ್ಲ, "ಜಾಗ ಇಲ್ಲ" ಅಂತ ಎರರ್. ಡಿಎಫ್ (ಡಿಸ್ಕಿನ ಖಾಲಿ ಜಾಗ ತೋರಿಸೋ ಕಮಾಂಡ್) ಹೊಡೆದ್ರೆ 61% ಖಾಲಿ! ಒಂದೂವರೆ ದಿನ ಒದ್ದಾಡಿದ ಮೇಲೆ ಡಿಎಫ್ ಮೈನಸ್ ಐ ನೆನಪಾಯ್ತು. ಇನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗೋ ದಾಖಲೆ) 100% ಭರ್ತಿ. 100 ಜಿಬಿ ಡಿಸ್ಕಿಗೆ ಫಾರ್ಮ್ಯಾಟ್ ಮಾಡುವಾಗಲೇ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಸುಮಾರು 65 ಲಕ್ಷ ಇನೋಡ್ ಕೊಟ್ಟು ಕೈತೊಳೆದುಕೊಂಡಿತ್ತು, ಅಷ್ಟನ್ನೂ ಚಿಲ್ಲರೆ ಸೆಷನ್ ಫೈಲುಗಳು ನುಂಗಿದ್ವು. ಎಲ್ಲ ಅಳಿಸೋಕೆ ಆರ್‌ಎಂ ಸ್ಟಾರ್ ಹೊಡೆದ್ರೆ ಆರ್ಗ್ಯುಮೆಂಟ್ ಲಿಸ್ಟ್ ತೀರಾ ಉದ್ದ ಅಂತ ಅದೂ ಬೈತು. ಫೈಂಡ್ ಕಮಾಂಡ್‌ನಲ್ಲಿ ಅಳಿಸೋಕೆ 4 ಗಂಟೆ.

ಎರಡನೇ ಡಿಸ್ಕ್:
ಬೇರೆ ಎಸ್‌ಎಸ್‌ಡಿ ಬರೋಕೆ ನನಗೆ 7 ವಾರ, 23 ಮೇಲ್, ಎರಡು ಸಲ ತಿರಸ್ಕಾರ. ಕೊನೆಗೂ ಬಂತು, ಟೆಂಪ್ ಅಲ್ಲಿಗೆ ಹಾಕಿದೆ, ಮತ್ತದೇ ರಾಗ ಅದೇ ಹಾಡು. ಹೊಸ ಡಿಸ್ಕಿನ ಮೇಲೆ ಎಫ್‌ಐಓ (ಡಿಸ್ಕಿಗೆ ಹೊರೆ ಹಾಕಿ ಪರೀಕ್ಷಿಸೋ ಟೂಲ್) ಓಡಿಸಿ ಐಓಸ್ಟಾಟ್ (ಡಿಸ್ಕಿನ ಅಂಕಿಅಂಶ ತೋರಿಸೋ ಟೂಲ್) ನೋಡ್ತಾ ಕೂತೆ. ಹೊಸದಕ್ಕೆ ಬರೆದ್ರೆ ಹಳೇದರ ಅವೇಟ್ (ಒಂದು ಕೋರಿಕೆ ಮುಗಿಯೋಕೆ ಹಿಡಿಯೋ ಸಮಯ) 3ರಿಂದ 45 ಮಿಲಿಸೆಕೆಂಡಿಗೆ ಏರ್ತಿದೆ! ಎರಡೂ ಒಂದೇ ಸ್ಟೋರೇಜ್ ಪೂಲ್‌ನ ತುಂಡುಗಳಂತೆ. ಕೊಟ್ಟವರು ಬಾಯೇ ಬಿಟ್ಟಿರಲಿಲ್ಲ.

ಹಳೇ ಹಾರ್ಡ್‌ಡಿಸ್ಕ್:
ಇನೋಡ್ ಪೀಡಿತರೇ, ನಿಮ್ಮ 2 ಜಿಬಿ ತುಂಬಿದ ದಿನ ಎಲ್ಲ ಅಪ್ಲಿಕೇಶನ್ನೂ ಒಟ್ಟಿಗೆ ಮಲಗ್ತವೆ. ಸೆಷನ್ ರ‍್ಯಾಮ್‌ನಲ್ಲಿಟ್ಟು ರೀಬೂಟ್ ಮಾಡಿದ್ರೆ ಎಲ್ಲರೂ ಲಾಗೌಟ್. ಅದನ್ಯಾಕೆ ಹೇಳಲಿಲ್ಲ?

ಇನೋಡ್ ಪೀಡಿತ:
ಅಪ್ಲಿಕೇಶನ್‌ಗೊಂದು ಮೌಂಟ್ ಅಂತ ನಿಮಗೆ ಯಾರೂ ಹೇಳಿಕೊಡ್ಲಿಲ್ವಾ? ಲಾಗೌಟ್ ಆದ್ರೆ ಆಗ್ಲಿ, ಏನೀಗ.

ಹನ್ನೊಂದನೇ ದಿನ:
ರೀಬೂಟ್ ಬಿಡಿ. ನಮ್ಮ ಸರ್ವರ್‌ನಲ್ಲಿ 10 ದಿನ ಯಾರೂ ಮುಟ್ಟದ್ದನ್ನ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನ ನೋಡಿಕೊಳ್ಳೋ ಪ್ರೋಗ್ರಾಮ್) ಟೆಂಪ್‌ನಿಂದ ಗುಡಿಸಿ ಹಾಕತ್ತೆ. ಟಾಮ್‌ಕ್ಯಾಟ್ ಅನ್ನೋ ಜಾವಾ ವೆಬ್ ಸರ್ವರ್‌ನ ಅಪ್‌ಲೋಡ್ ಫೋಲ್ಡರೂ ಅದರ ಜೊತೆ ಹೋಗ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಸರಿ, ಹನ್ನೊಂದನೇ ದಿನ ಮತ್ತೆ ಬಂದ್. ಮೂರು ತಿಂಗಳು ಡೆವಲಪರ್‌ಗಳನ್ನ ಸುಮ್ಮನೆ ಬೈದೆ.

ಎರಡನೇ ಡಿಸ್ಕ್:
ಅದಕ್ಕೇ ನಾನು ಅದನ್ನ ನಂಬಲ್ಲ, ಗಂಟೆಗೊಮ್ಮೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸೋ ಪ್ರೋಗ್ರಾಮ್) ನಾನೇ ಅಳಿಸ್ತೀನಿ.

ಹನ್ನೊಂದನೇ ದಿನ:
ತೆರೆದಿರೋ ಫೈಲನ್ನ ಅಳಿಸಿದ್ರೆ ಜಾಗ ವಾಪಸ್ ಬರಲ್ಲ. ಡಿಯು (ಫೈಲುಗಳ ಗಾತ್ರ ಕೂಡಿಸೋ ಕಮಾಂಡ್) 3 ಜಿಬಿ ಅನ್ನತ್ತೆ, ಡಿಎಫ್ ಭರ್ತಿ ಅನ್ನತ್ತೆ. ಎಲ್‌ಎಸ್‌ಓಎಫ್ (ತೆರೆದಿರೋ ಫೈಲುಗಳ ಪಟ್ಟಿ ಕೊಡೋ ಕಮಾಂಡ್) ಒಮ್ಮೆಯಾದ್ರೂ ಹಾಕಿ ನೋಡಿದ್ದೀರಾ?

ಎರಡನೇ ಡಿಸ್ಕ್:
ನನ್ನ ಸರ್ವರ್ ಬಗ್ಗೆ ನಿಮಗೇನ್ರೀ ಗೊತ್ತು?

ರಾತ್ರಿಪಾಳಿ:
32 ಜಿಬಿಯಲ್ಲಿ ಎಷ್ಟು ಕೊಡಬಹುದು ಅಂತ ಯಾರೂ ಹೇಳ್ಲೇ ಇಲ್ಲ...

ಇನೋಡ್ ಪೀಡಿತ:
ಒಂದು ರಿಪೋರ್ಟ್ ರನ್ನಿಗೆ ಟೆಂಪ್ ಎಷ್ಟು ಉಬ್ಬತ್ತೆ ಅಂತ ಮೊದಲು ಡಿಯು ಹೊಡೆದು ನೋಡಿ. ಅದರ ಮೇಲೆ ಸ್ವಲ್ಪ ಸೇರಿಸಿ ಸೈಜ್ ಕೊಡಿ.

ಹಳೇ ಹಾರ್ಡ್‌ಡಿಸ್ಕ್:
ಕೊಡಿ, ಕೊಡಿ. ಶನಿವಾರ ರಾತ್ರಿ ಫೋನ್ ಮಾತ್ರ ಸೈಲೆಂಟ್‌ನಲ್ಲಿ ಇಡಬೇಡಿ.