ಹೊಳೆ ರಾಡಿಯ ಮೂರು ಸೆಲ್ ಸೀರೀಸ್‌ನಲ್ಲಿ ಕೊಟ್ಟರೂ ವೋಲ್ಟೇಜ್ ಏರುತ್ತಿಲ್ಲ

ನವನಗರದವ:
ರಾಡಿಯಲ್ಲಿರುವ ಬ್ಯಾಕ್ಟೀರಿಯಾದಿಂದ ಕರೆಂಟ್ ತೆಗೆಯುವ ಸೆಲ್ ಮಾಡಲು, ಬಾಗಲಕೋಟೆ ಹತ್ತಿರ ಘಟಪ್ರಭಾ ಹಿನ್ನೀರು ಇಳಿದ ಕಡೆಯಿಂದ ರಾಡಿ ತಂದು ಒಂದು ದೊಡ್ಡ ಟಬ್‌ಗೆ ಹಾಕಿದ್ದೇನೆ. ಮೂರು ಆನೋಡ್ (ಸೆಲ್‌ನ ಮೈನಸ್ ತುದಿ) ರಾಡಿಯೊಳಗೆ, ಮೂರು ಕ್ಯಾಥೋಡ್ (ಪ್ಲಸ್ ತುದಿ) ಮೇಲಿನ ನೀರಲ್ಲಿ. ಎಲ್ಲವೂ ಕಾರ್ಬನ್ ಫೆಲ್ಟ್, ತಂತಿ ತಾಮ್ರದ್ದು. ಒಂದೊಂದೇ ಅಳೆದರೆ 0.6 ವೋಲ್ಟ್ ಇದೆ. ಸೀರೀಸ್‌ನಲ್ಲಿ 1.8 ಬರಬೇಕಲ್ವಾ? 0.7 ದಾಟುತ್ತಿಲ್ಲ. ರಾಡಿಯೇ ಸರಿ ಇಲ್ವಾ?

ಎರೆಹೊಲ:
0.6 ಕೊಡುವ ರಾಡಿಗೆ ಸುಮ್ನೆ ಬೈಬೇಡಿ. ತೊಂದರೆ ಇರುವುದು ಟಬ್‌ನಲ್ಲಿ. ಮೂರೂ ಸೆಲ್‌ಗೆ ನೀರು ಒಂದೇ. ಮೊದಲನೆಯದರ ಕ್ಯಾಥೋಡನ್ನು ಎರಡನೆಯದರ ಆನೋಡ್‌ಗೆ ಕಟ್ಟಿದ ಕೂಡಲೇ ಆ ಎರಡೇ ಸೇರಿ ಶಾರ್ಟ್ ಆದ ಸೆಲ್ ಆಗುತ್ತವೆ. ಅಯಾನುಗಳಿಗೆ ನೀರಲ್ಲೇ ದಾರಿ ಇದೆ, ಕರೆಂಟ್ ಒಳಗೊಳಗೇ ಮುಗಿದುಹೋಗುತ್ತದೆ. ಹೊಳೆಯಲ್ಲಿ ನೂರು ಸೆಲ್ ಹೂಳಿದರೂ ಇದೇ ಕಥೆ. ಬೇರೆ ಬೇರೆ ಬಕೆಟ್ ಮಾಡಿ.

ತಾಮ್ರ ತೆಗೆಯಿರಿ. ರಾಡಿಯಲ್ಲಿ ಅದು ಸವೆಯುತ್ತದೆ, ಬ್ಯಾಕ್ಟೀರಿಯಾಗೂ ವಿಷ. ಸವೆತದಿಂದಲೂ ವೋಲ್ಟೇಜ್ ಹುಟ್ಟುತ್ತದೆ, ಮೀಟರ್ ನಂಬೋ ಹಾಗಿರಲ್ಲ. ಟೈಟಾನಿಯಂ ತಂತಿ ಒಳ್ಳೆಯದು.

ನವನಗರದವ:
ಬಕೆಟ್ ಬೇರೆ ಮಾಡಿ ಕೆಲವು ವಾರ ಬಿಟ್ಟೆ. 1.7 ಬಂತು! ಆದರೆ 1000 ಓಮ್ ರೆಸಿಸ್ಟರ್ ಹಾಕಿದರೆ ಕುಸಿಯುತ್ತದೆ. ಒಂದು ಬಕೆಟ್ ಮೈನಸ್ ತೋರಿಸುತ್ತಿದೆ. ಎಲ್‌ಇಡಿ ಮಿಣುಕ್ ಅನ್ನಲಿಲ್ಲ.

ಎರೆಹೊಲ:
ಮೈನಸ್ ಬಂದ ಬಕೆಟ್ ಸೊರಗಿದೆ. ಉಳಿದೆರಡು ತಳ್ಳುವ ಕರೆಂಟ್ ಅದು ಹುಟ್ಟಿಸಲಾರದು, ಹಾಗಾಗಿ ಉಲ್ಟಾ ಹೊಡೆಯುತ್ತದೆ. ರಾಡಿ ಸೆಲ್‌ಗಳ ಸೀರೀಸ್‌ನಲ್ಲಿ ಇದು ಮಾಮೂಲಿ ಕಾಟ. ನನ್ನ ಕೇಳಿದರೆ ಸೀರೀಸ್ ಬಿಟ್ಟೇಬಿಡಿ.

ಲೆಕ್ಕ ನೋಡಿ. 1000 ಓಮ್ ಮೇಲೆ ಒಂದು ಸೆಲ್ 0.3 ವೋಲ್ಟ್ ಉಳಿಸಿಕೊಂಡರೆ 0.09 ಮಿಲಿವ್ಯಾಟ್. ಕೆಂಪು ಎಲ್‌ಇಡಿಗೆ 2 ವೋಲ್ಟ್, 5 ಮಿಲಿಆಂಪ್ ಅಂದರೂ 10 ಮಿಲಿವ್ಯಾಟ್ ಬೇಕು. ಸದಾ ಉರಿಯುವ ಮಾತೇ ಇಲ್ಲ. ಮೂರನ್ನೂ ಪ್ಯಾರಲಲ್ ಮಾಡಿ, 0.3 ವೋಲ್ಟ್‌ಗೇ ಶುರುವಾಗುವ, ವೋಲ್ಟೇಜ್ ಏರಿಸಿಕೊಡುವ ಬೂಸ್ಟ್ ಚಿಪ್ ಹಾಕಿ, ಕೆಪಾಸಿಟರ್ ತುಂಬಿಸಿ. ತುಂಬಿದಾಗೊಮ್ಮೆ ಎಲ್‌ಇಡಿ ಮಿನುಗಲಿ.

ಮೀಟರ್ ಮಾಮಾ:
ಸೊರಗಿದ ಬಕೆಟ್‌ನಲ್ಲಿ ಆನೋಡ್ ಎಷ್ಟು ಆಳದಲ್ಲಿದೆ? ಮೇಲೆ ಬಂದಿದ್ದರೆ ಆಮ್ಲಜನಕ ತಾಗಿ, ಕರೆಂಟ್ ಕೊಡುವ ಬ್ಯಾಕ್ಟೀರಿಯಾ ಜಿಯೋಬ್ಯಾಕ್ಟರ್‌ನ ಕೆಲಸ ಕೆಡುತ್ತದೆ. 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಲ್ಲಿ ಸಿಕ್ಕ ಜೀವಿ ಅದು, ಗಾಳಿಯಿಲ್ಲದ ಕೆಸರೇ ಅದಕ್ಕೆ ಮನೆ. ರಾಡಿ ಕಲಕಬೇಡಿ. ನಮ್ಮ ಬೇಸಿಗೆಗೆ ನೀರು ಬೇಗ ಆರುತ್ತದೆ, ನಿಧಾನಕ್ಕೆ ತುಂಬಿಸುತ್ತಿರಿ.

ನವನಗರದವ:
ಪ್ಯಾರಲಲ್ ಆದರೆ ಮತ್ತೆ ಒಂದೇ ಟಬ್ ನಡೆಯುತ್ತಾ?

ಎರೆಹೊಲ:
ನಡೆಯುತ್ತದೆ. ಆನೋಡ್‌ಗಳೆಲ್ಲ ಒಂದು ತಂತಿಗೆ, ಕ್ಯಾಥೋಡ್‌ಗಳೆಲ್ಲ ಇನ್ನೊಂದಕ್ಕೆ. ಈಗ ಬಕೆಟ್‌ನಲ್ಲಿ ನೆಲೆ ನಿಂತಿವೆಯಲ್ಲ, ಹಾಗೇ ಬಿಡಿ. ಬೂಸ್ಟ್ ಚಿಪ್ ಬರೋವರೆಗೆ 1000 ಓಮ್ ಹಚ್ಚೇ ಇಡಿ.