ಅಪ್‌ಡೇಟ್: ನಿದ್ದೆ ಹತ್ತುವಾಗ ತಲೆ ಹೊರಳಿಸುವ ಮಗಳು

ಎಂಟು ತಿಂಗಳ ನನ್ನ ಮಗಳು ನಿದ್ದೆ ಹತ್ತುವ ಮೊದಲು ತಲೆಯನ್ನು ಒಂದೇ ಸಮನೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಾಳೆ, ಕಿವಿ ಎಳೆದುಕೊಳ್ಳುತ್ತಾಳೆ, ಕಣ್ಣು ಮುಚ್ಚಿದ ಮೇಲೆ ಆಗಾಗ ಕಾಲು ಝಾಡಿಸುತ್ತಾಳೆ, ಇದು ಫಿಟ್ಸ್ ಇರಬಹುದೇ ಎಂದು ಕಳೆದ ತಿಂಗಳು ನಿಮ್ಮನ್ನು ಕೇಳಿದ್ದೆ. ನೀವು ಹೇಳಿದಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಬಾಗಲಕೋಟೆಯ ನವನಗರದಲ್ಲಿರುವ ಮಕ್ಕಳ ವೈದ್ಯರಿಗೆ ತೋರಿಸಿದೆವು.

ಕಿವಿಯಲ್ಲಿ ಸೋಂಕಿಲ್ಲ ಎಂಬುದನ್ನು ಅವರು ಮೊದಲು ಖಚಿತಪಡಿಸಿಕೊಂಡರು. ತಲೆ ಹೊರಳಿಸುವುದು ಮಗು ತನ್ನನ್ನು ತಾನೇ ತೂಗಿಕೊಳ್ಳುವ ಬಗೆಯೆಂದೂ, ಅದು ಹೆಚ್ಚಾಗಿ ಮೊದಲ ವರ್ಷದಲ್ಲಿ ಶುರುವಾಗಿ ಬಹುಪಾಲು ಮಕ್ಕಳಲ್ಲಿ 3 ವರ್ಷದ ಹೊತ್ತಿಗೆ ತಾನಾಗಿಯೇ ಕಡಿಮೆಯಾಗುತ್ತದೆಂದೂ, ನಿದ್ದೆಯಲ್ಲಿ ಮಾತ್ರ ಕಾಣಿಸಿಕೊಂಡು ಎಬ್ಬಿಸಿದೊಡನೆ ನಿಲ್ಲುವ ಕಾಲಿನ ಅದುರಾಟ ಸಾಮಾನ್ಯವಾಗಿ ಫಿಟ್ಸ್ ಅಲ್ಲವೆಂದೂ ತಿಳಿಸಿದರು. ಆದರೆ ಎಚ್ಚರವಿದ್ದಾಗ ಮೈ ಮತ್ತೆ ಮತ್ತೆ ಮುಂದಕ್ಕೆ ಬಾಗಿ ಬೆಚ್ಚಿದರೆ, ನೋಟ ಒಂದೇ ಕಡೆ ನೆಟ್ಟರೆ, ತುಟಿ ನೀಲಿಯಾದರೆ, ಕಲಿತದ್ದನ್ನು ಮಗು ಮರೆಯತೊಡಗಿದರೆ ಒಂದು ದಿನವೂ ಕಾಯಬಾರದು ಎಂದು ಒತ್ತಿ ಹೇಳಿದರು. ತಾಯಂದಿರು ದಯವಿಟ್ಟು ಇದನ್ನು ನೆನಪಿಡಿ.

ಅತ್ತೆಯವರು ದೃಷ್ಟಿ ತೆಗೆದದ್ದನ್ನು ನಾನು ತಡೆಯಲಿಲ್ಲ, ಅದೂ ಅಕ್ಕರೆಯೇ. ವೈದ್ಯರ ಮಾತಿನಂತೆ ದಿಂಬನ್ನೂ ದಪ್ಪ ಕೌದಿಯನ್ನೂ ಮಾತ್ರ ಹಾಸಿಗೆಯಿಂದ ತೆಗೆದಿದ್ದೇವೆ. ತಲೆ ಹೊರಳಾಟ ಇನ್ನೂ ಇದೆ. ನನ್ನ ಭಯ ಇಳಿದಿದೆ.